ಡಿಸ್ಕಿಗೂ ಬದು ಬೇಕು

ತಿ. ನರಸೀಪುರ
10 ಜೂನ್ 2002

ಮಾವನವರಿಗೆ ಹೇಮಲತಾಳ ನಮಸ್ಕಾರ. ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಜಗಳ.

ನೀವು ಕಳಿಸಿದ ನಕ್ಷೆ ಬಂತು. ಕಂಪ್ಯೂಟರಿನ ಡಿಸ್ಕಿಗೆ ಸ್ಕೇಲಿಟ್ಟು ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಗಡಿ ತೋರಿಸಿ, ನಾಲ್ಕು ಕಡೆಗೂ ಚಕ್ಕುಬಂದಿ ಬರೆದ ಮನುಷ್ಯ ಇಡೀ ಮೈಸೂರು ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ಸರ್ವೆ ಇಲಾಖೆಯಿಂದ ರಿಟೈರಾಗಿ ಎರಡು ವರ್ಷವಾಯಿತು, ಇನ್ನೂ ಕೈ ತುರಿಸುತ್ತದೆ ಅಂತ ಕಾಣುತ್ತದೆ.

ಇನ್ನೊಂದು ಸಲ ಹೇಳುತ್ತೇನೆ, ಕೇಳಿ. ನಿಮಗೆ ಕೊಡುತ್ತಿರುವುದು ನನ್ನ ಕಂಪ್ಯೂಟರ್ ಸೆಂಟರಿನಲ್ಲಿ ನಾಲ್ಕು ವರ್ಷ ದುಡಿದು ಹಳತಾದ ಯಂತ್ರ. ಅದರ ಡಿಸ್ಕಿನಲ್ಲಿ 523 ಸಿಲಿಂಡರು ಇವೆ. ಸಿಲಿಂಡರು ಅಂದರೆ ಹೊಲದಲ್ಲಿ ಉತ್ತ ಸಾಲು ಅಂದುಕೊಳ್ಳಿ. ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಅದಕ್ಕೆ ಲಿನಕ್ಸ್ ಹಾಕಿಕೊಡುತ್ತೇನೆ, ವೈರಸ್ಸಿನ ಕಾಟ ಇರುವುದಿಲ್ಲ. ಹಾಕುವ ಮೊದಲು ಡಿಸ್ಕನ್ನು ನಾಲ್ಕು ಭಾಗ ಮಾಡಬೇಕು. ಯಂತ್ರದ ಸ್ವಂತ ಸಾಮಾನಿಗೆ ಒಂದು, ಅದಕ್ಕೆ ರೂಟ್ ಅನ್ನುತ್ತಾರೆ. ಮೆಮೊರಿ ಸಾಲದಾದಾಗ ಬಳಸಿಕೊಳ್ಳಲು ಸ್ವಾಪ್. ಯಂತ್ರ ತನ್ನ ದಿನಚರಿ ಬರೆದುಕೊಳ್ಳುವುದಕ್ಕೆ ವಾರ್. ಕೊನೆಯದು ಹೋಮ್, ನೀವು ಟೈಪ್ ಮಾಡಿದ್ದೆಲ್ಲ ಅಲ್ಲಿರುತ್ತದೆ. ಹೋಮನ್ನು ಬೇರೆ ಇಟ್ಟರೆ, ನಾಳೆ ಯಂತ್ರ ಕೆಟ್ಟು ಲಿನಕ್ಸ್ ಹೊಸದಾಗಿ ಹಾಕಬೇಕಾಗಿ ಬಂದರೂ ರೂಟ್ ಒಂದನ್ನು ಅಳಿಸಿದರೆ ಸಾಕು. ನಿಮ್ಮ ಬರಹ ಇದ್ದಲ್ಲೇ ಇರುತ್ತದೆ.

ಇಷ್ಟಕ್ಕೆ ನೀವು ಮಾಡಿರುವುದೇನು? ಒಂದೊಂದು ಭಾಗದ ಮಧ್ಯೆಯೂ ಐದೈದು ಸಿಲಿಂಡರು 'ಬದು' ಅಂತ ಖಾಲಿ ಬಿಟ್ಟಿದ್ದೀರಿ. ಕೊನೆಯ ಮೂವತ್ತು ಸಿಲಿಂಡರಿಗೆ 'ಖರಾಬು' ಅಂತ ಬರೆದಿದ್ದೀರಿ. ಡಿಸ್ಕಿನೊಳಗೆ ಪಕ್ಕದವನ ಎತ್ತು ನುಗ್ಗುವುದಿಲ್ಲ ಮಾವ. ಇರುವುದೇ ಅಂಗೈಯಗಲ ಜಾಗ, ಅದನ್ನೂ ಹಾಳು ಬಿಡುತ್ತೀರಾ? ನಾನು ಬದು ಹಾಕುವುದಿಲ್ಲ.

ಫೋನಿನಲ್ಲಿ ಹೇಳೋಣ ಅಂದರೆ 'ಲಿಖಿತದಲ್ಲಿ ಕೊಡು' ಅಂತ ಇಟ್ಟುಬಿಡುತ್ತೀರಿ. ಕೊಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ, ಅಮ್ಮನೂ ಊರಿನಲ್ಲಿ ಚೆನ್ನಾಗಿದ್ದಾಳೆ. ಅತ್ತೆಗೆ ನಮಸ್ಕಾರ.

ಜಗಳಗಂಟಿ ಸೊಸೆ,
ಹೇಮಲತಾ

*

ನಂಜನಗೂಡು
17 ಜೂನ್ 2002

ಹೇಮಲತಾಳಿಗೆ ಅವಳ ಸೋದರಮಾವನ ಆಶೀರ್ವಾದ, ಕೊಡಲು ಮನಸ್ಸಿಲ್ಲದಿದ್ದರೂ.

ಮೂವತ್ತನಾಲ್ಕು ವರ್ಷ ಈ ತಾಲ್ಲೂಕಿನ ಹೊಲ ಗದ್ದೆ ಅಳೆದಿದ್ದೇನೆ. ಬದುವಿಲ್ಲದ ಜಮೀನು ಜಗಳವಿಲ್ಲದೆ ಮೂರು ಮಳೆಗಾಲ ಕಂಡದ್ದನ್ನು ನಾನು ನೋಡಿಲ್ಲ. ನಿನ್ನ ಡಿಸ್ಕೇನು ಆಕಾಶದಿಂದ ಇಳಿದಿದೆಯಾ? ಒಂದು ಭಾಗ ಉಬ್ಬಿ ಇನ್ನೊಂದರ ಮೇಲೆ ಬಿದ್ದರೆ ಯಾರು ಜವಾಬ್ದಾರಿ? 'ಹಾಗಾಗಲ್ಲ ಮಾವ' ಅನ್ನುತ್ತೀಯ. ಹಾಗಾಗಲ್ಲ ಅಂದವರ ತಕರಾರು ಅರ್ಜಿಗಳನ್ನೇ ನಾನು ಜೀವಮಾನವೆಲ್ಲ ವಿಲೇವಾರಿ ಮಾಡಿದ್ದು.

ಈ ಯಂತ್ರ ನನಗೆ ಆಟಕ್ಕೆ ಬೇಕಾಗಿಲ್ಲ ಅನ್ನುವುದು ನಿನಗೂ ಗೊತ್ತಿರಲಿ. ನಿಮ್ಮೂರ ಕೆರೆ ಅರ್ಧಕ್ಕರ್ಧ ಒತ್ತುವರಿಯಾಗಿದೆ. ಎಲ್ಲೆ ಗುರುತಿಸಿ ಕಲ್ಲು ನೆಡಿಸಿಕೊಡಿ ಅಂತ ಊರವರು ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾರೆ. ಹಳೆಯ ನಕ್ಷೆ ಮಡಿಕೆ ಮಡಿಕೆಗೂ ಹರಿದು ಪುಡಿಯಾಗಿದೆ. 1978ರಲ್ಲಿ ಆ ಕೆರೆಯ ಸುತ್ತ ಮೂವತ್ತೊಂದು ಹಿಡುವಳಿಗಳನ್ನು ಅಳೆದವನು ನಾನು. ನನ್ನ ಸ್ವಂತ ನೋಟ್‌ಬುಕ್ಕುಗಳಲ್ಲಿ ಕಲ್ಲಿನಿಂದ ಕಲ್ಲಿಗೆ ಅಳತೆ ಇದೆ. ಅದಷ್ಟನ್ನೂ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಅದರಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಕೆರೆ ಒಬ್ಬನ ಹೊಟ್ಟೆಗೆ ಹೋಗುತ್ತದೆ.

ಆದ್ದರಿಂದ ನನ್ನ ನಕ್ಷೆಯಂತೆಯೇ ಆಗಬೇಕು. ರೂಟ್ 1ರಿಂದ 190. ಸ್ವಾಪ್ 196ರಿಂದ 212. ಹೋಮ್ 218ರಿಂದ 440. ವಾರ್ 446ರಿಂದ 493. ಉಳಿದದ್ದು ಖರಾಬು. ಹೋಮನ್ನು ನೀನು ಕೊನೆಗೆ ಇಟ್ಟಿದ್ದೆ, ನಾನು ನಡುವಿಗೆ ತಂದಿದ್ದೇನೆ. ಊರಂಚಿನ ಜಮೀನಿಗೆ ಯಾವತ್ತೂ ಕಣ್ಣು ಜಾಸ್ತಿ. ಈ ನಕ್ಷೆಯ ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೊ.

ಮೊಂಡುತನ ನಿನಗೆ ನಮ್ಮ ಕಡೆಯಿಂದಲೇ ಬಂದದ್ದು, ಅದಕ್ಕೆ ಕ್ಷಮಿಸಿದ್ದೇನೆ.

ಜವರಯ್ಯ

*

ನಂಜನಗೂಡು
5 ಅಕ್ಟೋಬರ್ 2002

ಹೇಮಾ,

ಟೈಪಿಂಗ್ ಮುಗಿದು ಮೂರು ವಾರವಾಯಿತು. ನೋಟ್‌ಬುಕ್ಕುಗಳಿಗೆ ಗೆದ್ದಲು ಹತ್ತಿತ್ತು, ನೀರೊಲೆಗೆ ಹಾಕಿದೆ. ಪ್ರಿಂಟ್ ತೆಗೆಯಲು ಹೋದರೆ ನಿನ್ನ ಯಂತ್ರ 'ಜಾಗವಿಲ್ಲ, ಜಾಗವಿಲ್ಲ' ಅಂತ ಒಂದೇ ಸಮನೆ ಹಟ ಹಿಡಿದಿದೆ. ಬದು ಹಾಕಿದ್ದಕ್ಕೇ ಹೀಗಾಯಿತು ಅಂತ ಕಾಗದ ಬರೆಯಬೇಡ, ಬಂದು ರಿಪೇರಿ ಮಾಡು. ಆಯುಧಪೂಜೆಗೆ ಬಾ. ನಿಮ್ಮತ್ತೆ ಒಬ್ಬಟ್ಟು ಮಾಡುತ್ತಾಳಂತೆ.

ಮಾವ

*

ನಂಜನಗೂಡು
20 ಅಕ್ಟೋಬರ್ 2002

ಹೇಮಲತಾ,

ಈ ಸಲ ಆಶೀರ್ವಾದ ಇಲ್ಲ.

ನೀನು ಬಂದೆ. ಒಬ್ಬಟ್ಟು ತಿಂದೆ. ಎರಡು ಗಂಟೆ ಹೊತ್ತು ಕೀಲಿಮಣೆ ಕುಟ್ಟಿದೆ. 'ಈಗ ಹೊಸದರ ಥರ ಓಡುತ್ತೆ ಮಾವ' ಅಂತ ಹೇಳಿ ಬಸ್ಸು ಹತ್ತಿದೆ. ನಿನ್ನೆ ಪ್ರಿಂಟ್ ತೆಗೆಯೋಣ ಅಂತ ಕೂತರೆ ನನ್ನ ಅಳತೆಗಳು ಎಲ್ಲಿವೆ? ಒಂದು ಅಕ್ಷರ ಇಲ್ಲ. ನೀನೇ ಕಲಿಸಿದ ಹಾಗೆ ಡಿಸ್ಕಿನ ಪಟ್ಟಿ ತೆಗೆಸಿ ನೋಡಿದೆ. ನಾಲ್ಕು ಭಾಗ ಇದ್ದಲ್ಲಿ ಎರಡೇ ಇವೆ. ಬದು ಇಲ್ಲ, ಖರಾಬು ಇಲ್ಲ, ಹೋಮ್ ಇಲ್ಲ. ಎಲ್ಲ ಉತ್ತು ಒಂದೇ ಬಯಲು ಮಾಡಿ ಹೋಗಿದ್ದೀಯ. ನಕಲು ಮಾಡಿಟ್ಟಿದ್ದ ಫ್ಲಾಪಿಗಳನ್ನು ಹಾಕಿ ನೋಡಿದೆ, ಎಂಟರಲ್ಲಿ ಒಂದೂ ಓದುತ್ತಿಲ್ಲ.

ಮೂರು ತಿಂಗಳು ಒಂದೊಂದೇ ಬೆರಳಿನಲ್ಲಿ ಟೈಪ್ ಮಾಡಿದ್ದೇನೆ. ಕಣ್ಣಿಗೆ ಎರಡು ಸಲ ಡ್ರಾಪ್ಸ್ ಬಿಡಿಸಿಕೊಂಡಿದ್ದೇನೆ. ನಿನಗೆ ಓದು ಬರಹ ಕಲಿಸಿದ್ದು ಇದಕ್ಕಾ? ತಹಸೀಲ್ದಾರರಿಗೆ ನಾನು ಯಾವ ಮುಖ ಇಟ್ಟುಕೊಂಡು ಏನು ಕೊಡಲಿ?

ಊರಿನಲ್ಲಿ ಜನ ಏನು ಮಾತಾಡುತ್ತಾರೆ ಅನ್ನುವುದನ್ನಾದರೂ ಯೋಚನೆ ಮಾಡಿದ್ದೀಯಾ? ಕೆರೆಗೆ ಅಂಟಿಕೊಂಡಿರುವ ಅರವತ್ತನಾಲ್ಕನೇ ಸರ್ವೆ ನಂಬರು ನಿಮ್ಮಪ್ಪ ಮಾರಯ್ಯನದು. ಮಾರಯ್ಯನ ಮಗಳೇ ಬಂದು ಅಳತೆ ಅಳಿಸಿ ಹೋದಳು ಅನ್ನುತ್ತಾರೆ. ನಾನು ಅನ್ನುತ್ತಿಲ್ಲ. ಜನ ಅನ್ನುತ್ತಾರೆ.

ಜವರಯ್ಯ

*

ತಿ. ನರಸೀಪುರ
25 ಅಕ್ಟೋಬರ್ 2002

ಮಾವ,

ನನ್ನ ತಪ್ಪನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ನಿಮ್ಮದು.

ತುಂಬಿದ್ದು ವಾರ್ ಒಂದೇ. ಪ್ರಿಂಟರ್ ಕೈಕೊಟ್ಟಿದ್ದಕ್ಕೆ ಯಂತ್ರ ಅದೇ ದೂರನ್ನು ದಿನಗಟ್ಟಲೆ ಬರೆದು ಬರೆದು ತುಂಬಿಸಿತ್ತು. ಅದನ್ನು ಅಳಿಸಿದ್ದರೆ ಐದು ನಿಮಿಷದ ಕೆಲಸ. ನಿಮ್ಮ ಬದುಗಳನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಈ ನಕ್ಷೆಯನ್ನೇ ಕಿತ್ತು ಬಿಸಾಡಬೇಕು ಅಂತ ಲಿನಕ್ಸ್ ಹೊಸದಾಗಿ ಹಾಕಲು ಕೂತೆ. 'ಡಿಸ್ಕನ್ನು ನಾನೇ ಹಂಚಲೋ, ನೀವು ಹಂಚುತ್ತೀರೋ' ಅಂತ ಅದು ಕೇಳಿತು. ಎರಡೂವರೆ ಬಸ್ಸು ಹಿಡಿಯಬೇಕಿತ್ತು. ನೀನೇ ಹಂಚು ಅಂದೆ. ಅದು ಹಳೆಯದನ್ನೆಲ್ಲ ತೆಗೆದು ಹಂಚಿತು. ಸೆಂಟರಿನಲ್ಲಿ ಮಕ್ಕಳು ಇದೇ ಕೆಲಸ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಈಗ ನಿಮ್ಮದು. ಆ ಗುಂಡಿ ಒತ್ತುವ ಮೊದಲು ನಿಮ್ಮನ್ನು ಕೇಳಲಿಲ್ಲವಾ? 'ಬೇಕಾದ್ದೆಲ್ಲ ಫ್ಲಾಪೀಲಿ ಇದೆಯಾ ಮಾವ?' ಅಂದೆ. ನೀವು ಕನ್ನಡಕ ಕೂಡ ಎತ್ತದೆ 'ಹೂಂ ಕಣಮ್ಮ, ಪೂಜೆಗಿಟ್ಟಿದ್ದೀನಿ, ಮುಟ್ಬೇಡ, ನಾಳೆ ಇಳಿಸೋದು' ಅಂದಿರಿ. ನೋಡಿದೆ. ಮಚ್ಚು, ಕುಡುಗೋಲು, ಅತ್ತೆಯ ಈಳಿಗೆಮಣೆಯ ಪಕ್ಕದಲ್ಲಿ ಎಂಟು ಫ್ಲಾಪಿಗಳು ಸಾಲಾಗಿ ಕೂತಿದ್ದವು. ಅವಕ್ಕೂ ಸೇವಂತಿಗೆ ಹೂವು. ನಿಮ್ಮ ಭಕ್ತಿ ಅಲ್ಲಿಗೇ ನಿಂತಿದ್ದರೆ ಯೋಚನೆಯಿರಲಿಲ್ಲ. ಮೊನ್ನೆ ಅತ್ತೆ ಫೋನಿನಲ್ಲಿ ಹೇಳಿದರು. ಫ್ಲಾಪಿಯ ತಗಡಿನ ಬಾಗಿಲು ಸರಿಸಿ, 'ಒಳಗಡೆ ತಾನೆ ಇರೋದು ವಿದ್ಯೆ' ಅಂತ ಒಳಗಿನ ಬಿಲ್ಲೆಗೆ ಕುಂಕುಮ ಹಚ್ಚಿ, ಅರಿಶಿನದ ನೀರು ಚಿಮುಕಿಸಿದಿರಂತೆ. ಡಿಸ್ಕನ್ನು ಹಾಳು ಮಾಡಿದವಳು ನಾನು, ಫ್ಲಾಪಿಯನ್ನು ಹಾಳು ಮಾಡಿದವರು ನೀವು. ಬೈಗುಳದಲ್ಲಿ ನಿಮ್ಮ ಪಾಲು ನೀವು ತೆಗೆದುಕೊಳ್ಳಿ.

ಅಪ್ಪನ ವಿಷಯ ಬರೆದಿರಲ್ಲ, ಅದನ್ನು ಮರೆಯುವುದಿಲ್ಲ. ಅಪ್ಪ ಸತ್ತು ಆರು ವರ್ಷವಾಯಿತು. ಒಬ್ಬರ ಹಸಿ ಕಡ್ಡಿ ಮುಟ್ಟಿದವರಲ್ಲ. 'ನಾನು ಅನ್ನುತ್ತಿಲ್ಲ, ಜನ ಅನ್ನುತ್ತಾರೆ' ಅನ್ನುವವರನ್ನು ಕಂಡರೆ ನಿಮಗೇ ಆಗುತ್ತಿರಲಿಲ್ಲ.

ಯಂತ್ರವನ್ನು ಇನ್ನು ಒಂದು ಸಲವೂ ಹಚ್ಚಬೇಡಿ. ಹಚ್ಚಿದಷ್ಟೂ ಹಳೆಯದರ ಮೇಲೆ ಹೊಸದು ಕೂರುತ್ತದೆ. ಡಿಸ್ಕ್ ಬಿಚ್ಚಿಸಿ ನನಗೆ ಕಳಿಸಿ. ಪೂಜೆ ಮಾಡದೆ ಕಳಿಸಿ.

ಮಾರಯ್ಯನ ಮಗಳು,
ಹೇಮಲತಾ

*

ನಂಜನಗೂಡು
2 ನವೆಂಬರ್ 2002

ಡಿಸ್ಕನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಕಂಡಕ್ಟರ್ ಚಿಕ್ಕಸ್ವಾಮಿಯ ಕೈಲಿ ಕಳಿಸಿದ್ದೇನೆ. ಸಿಕ್ಕರೆ ಸಿಗಲಿ. ಸಿಗದಿದ್ದರೂ ಅಡ್ಡಿಯಿಲ್ಲ, ನೆನಪಿನಿಂದ ಬರೆದುಕೊಡುತ್ತೇನೆ. ನೀನು ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡ.

ಜವರಯ್ಯ

*

ತಿ. ನರಸೀಪುರ
22 ಡಿಸೆಂಬರ್ 2002

ಮಾವ,

ಸಿಕ್ಕಿತು. ಮೂವತ್ತೊಂದು ಹಿಡುವಳಿಯ ಅಳತೆಯೂ ಸಿಕ್ಕಿತು.

ನಿಮ್ಮ ಡಿಸ್ಕನ್ನು ಇಲ್ಲಿನ ಯಂತ್ರಕ್ಕೆ ಎರಡನೇ ಡಿಸ್ಕಾಗಿ ಸಿಕ್ಕಿಸಿದೆ. ಹೊಸ ಲಿನಕ್ಸ್ ಅದರ ಮೇಲೆ ಬಂದು ಕೂತಿದ್ದರೂ ಎಲ್ಲ ಕಡೆಯೂ ಕಾಲಿಟ್ಟಿರಲಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಹುಡುಕುವುದು ಅಂತ ತಿಳಿಯದೆ ನಿಮ್ಮ ನಕ್ಷೆಯನ್ನೇ ತೆಗೆದೆ. ಹೋಮ್ 218ರಿಂದ 440. ಅಷ್ಟು ತುಂಡನ್ನು ಕತ್ತರಿಸಿ ತೆಗೆದು, ಅದರೊಳಗಿನ ಅಕ್ಷರಗಳನ್ನು ಮಾತ್ರ ಸೋಸಿದೆ. ಚೂರು ಚೂರಾಗಿ ಬಂದವು. ಪ್ರತಿ ಹಾಳೆಯ ತಲೆಗೂ ತಾರೀಖು, ಸರ್ವೆ ನಂಬರು ಹಾಕುವ ನಿಮ್ಮ ಅಭ್ಯಾಸ ಒಳ್ಳೆಯದಾಯಿತು, ಇಪ್ಪತ್ತು ದಿನ ಕೂತು ಜೋಡಿಸಿದೆ. ನಕ್ಷೆ ಇಲ್ಲದಿದ್ದರೆ ಆಗುತ್ತಿರಲಿಲ್ಲ, ಒಪ್ಪಿದ್ದೇನೆ. ಹಿಗ್ಗಬೇಡಿ, ಮುಂದೆ ಓದಿ.

ಕಂಪ್ಯೂಟರಿನಲ್ಲಿ ಬರೆದದ್ದನ್ನು ತಿದ್ದಿದರೆ ಹಳೆಯದು ಮಾಯವಾಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತಿದ್ದಿದ್ದನ್ನು ಬೇರೆ ಜಾಗದಲ್ಲಿ ಬರೆದು, ಹಳೆಯ ಜಾಗವನ್ನು 'ಖಾಲಿ' ಅಂತ ಗುರುತು ಹಾಕಿಕೊಳ್ಳುತ್ತದೆ. ಇನ್ನೊಂದು ಬಂದು ಕೂರುವವರೆಗೂ ಅಕ್ಷರಗಳು ಅಲ್ಲೇ ಇರುತ್ತವೆ. ಹಾಗಾಗಿ ನನಗೆ ಅರವತ್ತನಾಲ್ಕನೇ ನಂಬರಿನ ಹಾಳೆ ಒಂದಲ್ಲ, ಎರಡು ಸಿಕ್ಕವು.

9 ಆಗಸ್ಟ್: ಐದನೇ ಕಲ್ಲಿನಿಂದ ಆರನೇ ಕಲ್ಲಿಗೆ ಆರು ಚೈನು ನಾಲ್ಕು ಆಣೆ.
12 ಸೆಪ್ಟೆಂಬರ್: ಐದನೇ ಕಲ್ಲಿನಿಂದ ಆರನೇ ಕಲ್ಲಿಗೆ ಏಳು ಚೈನು ನಾಲ್ಕು ಆಣೆ.

ಎದುರು ಬದಿಗೂ ಹೀಗೇ ಒಂದು ಚೈನು ಏರಿದೆ, ಉಳಿದ ಅಂಕಿ ಎಲ್ಲ ಒಂದೇ. ಚೈನು ಅಂದರೆ ಮೂವತ್ಮೂರು ಅಡಿ, ಅದಕ್ಕೆ ಹದಿನಾರು ಆಣೆ, ನೀವೇ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು. ಗೆರೆ ಒಂದು ಚೈನು ಕೆರೆಯೊಳಕ್ಕೆ ಹೋಗಿದೆ, ಹನ್ನೊಂದು ಚೈನು ಉದ್ದಕ್ಕೆ. ಹನ್ನೊಂದು ಗುಂಟೆ ಆಯಿತು. ಅಮ್ಮನ ಇಪ್ಪತ್ತಾರು ತೆಂಗಿನ ಮರಗಳು ಅಲ್ಲೇ ಇರುವುದು.

ನನ್ನ ಅಪ್ಪನ ಹೆಸರು ಎತ್ತಿ ಬೈದಿರಿ. ಅರವತ್ತನಾಲ್ಕು ಅನ್ನುವ ಅಂಕಿ ನಿಮ್ಮ ಬಾಯಿಂದ ಬರದೆ ಇದ್ದಿದ್ದರೆ ಆ ಹಾಳೆಯನ್ನು ನಾನು ಎರಡನೇ ಸಲ ನೋಡುತ್ತಲೂ ಇರಲಿಲ್ಲ. ಯಾವುದು ನಿಜ? ನೋಟ್‌ಬುಕ್ಕಿಗೆ ನಿಜವಾಗಿ ಗೆದ್ದಲು ಹತ್ತಿತ್ತಾ? ಲಿಖಿತದಲ್ಲಿ ಕೊಡಿ.

ಹೇಮಲತಾ

*

ನಂಜನಗೂಡು
1 ಜನವರಿ 2003

ಹೇಮಾ,

ಗೆದ್ದಲು ಹತ್ತಿದ್ದು ನಿಜ, ಒಂದು ಪುಸ್ತಕಕ್ಕೆ. ಐದನ್ನೂ ಒಲೆಗೆ ಹಾಕಿದವನು ನಾನು. ಈಗ ಸಮಾಧಾನವಾಯಿತಾ? ನನ್ನ ಕೈಯಲ್ಲಿ ಬಳಪ ಹಿಡಿಯಲು ಕಲಿತವಳು ನನಗೇ ನೋಟೀಸು ಕೊಡುತ್ತೀಯ.

ನಿಮ್ಮಮ್ಮನಿಗೆ ಗಂಡು ನೋಡಿದವನು ನಾನು. ಅರವತ್ತೊಂಬತ್ತನೇ ಇಸವಿ. ನಮ್ಮಪ್ಪ ಕೇಳಿದ್ದು ಒಂದೇ ಮಾತು. 'ಎಷ್ಟೈತ್ಲಾ ಜಮೀನು?' ನಾನು 'ಎರಡೆಕರೆ ಕಣಪ್ಪ, ಕೆರೆ ಮಗ್ಗುಲಾಗೆ' ಅಂದೆ. ಅಳೆದಿರಲಿಲ್ಲ, ಕಣ್ಣಂದಾಜು. ಸರ್ವೆ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಮೆರೆತ ಇತ್ತು. ಮಗ ಸರ್ವೆಯವನು ಅಂತ ಅಪ್ಪನೂ ನಂಬಿದ, ಧಾರೆ ಎರೆದು ಕೊಟ್ಟ.

ಎಪ್ಪತ್ತೆಂಟರಲ್ಲಿ ಆ ಊರಿಗೆ ನನ್ನನ್ನೇ ಹಾಕಿದರು. ಅಳೆದರೆ ಒಂದು ಎಕರೆ ಇಪ್ಪತ್ತೊಂಬತ್ತು ಗುಂಟೆ. ಹನ್ನೊಂದು ಗುಂಟೆ ಕಮ್ಮಿ. ಅಪ್ಪ ಆವತ್ತು ಮಗಳ ಮನೆಗೆ ಬಂದಿದ್ದ. ಹೊಲದ ಹತ್ತಿರ ಟವೆಲ್ ಹಾಸಿಕೊಂಡು ಕೂತು ನೋಡುತ್ತಿದ್ದ. 'ಎಷ್ಟ್ ಬಂತ್ಲಾ?' ಅಂದ. 'ಎರಡೆಕರೆ' ಅಂದೆ. ಅಂದ ಮೇಲೆ ದಾಖಲೆಯಲ್ಲೂ ಹಾಗೇ ಬರೆದು ಕಲ್ಲು ನೆಡಿಸಬೇಕಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ನಿಜ ಬರೆದುಕೊಂಡೆ. ಮಾರಯ್ಯನಿಗೆ ಏನೂ ಗೊತ್ತಿಲ್ಲ. ಅವನ ವಿಷಯ ನಾನು ಹಾಗೆ ಬರೆಯಬಾರದಿತ್ತು.

ಆಗಸ್ಟಿನಲ್ಲಿ ಆದದ್ದಾಗಲಿ ಅಂತ ನಿಜವನ್ನೇ ಟೈಪ್ ಮಾಡಿದೆ. ಗೌರಿಹಬ್ಬಕ್ಕೆ ನಿಮ್ಮಮ್ಮ ಬಾಗಿನಕ್ಕೆ ಬಂದಳು. ತಲೆಯ ಮೇಲೆ ಚೀಲ ಹೊತ್ತು ಹತ್ತು ತೆಂಗಿನಕಾಯಿ ತಂದಳು. 'ಕೆರೆ ಕಡೆ ಮರದವು ಕಣಣ್ಣ, ನೀರು ಸಿಯ್ಯಾಗವೆ' ಅಂದಳು. ಅವಳು ಹೋದ ಮೇಲೆ ತಿದ್ದಿದೆ. ಮೂವತ್ತು ಜನರ ಅಳತೆ ಸರಿ ಇದೆ. ಒಬ್ಬಳು ಹೆಂಗಸಿನ ಹನ್ನೊಂದು ಗುಂಟೆಯಿಂದ ಕೆರೆಯೇನು ಬತ್ತಿ ಹೋಗುವುದಿಲ್ಲ.

ಹೆತ್ತವಳ ಮರ ಕಡಿಸಲು ನಿನಗೆ ಇಷ್ಟು ಆತುರವಾ? ಆಗಸ್ಟಿನ ಹಾಳೆ ಅಳಿಸಿ ಹಾಕು. ಇದು ಮಾವನ ಮಾತು ಅಂತ ತಿಳಿ.

ಜವರಯ್ಯ

*

ತಿ. ನರಸೀಪುರ
14 ಜನವರಿ 2003

ಮಾವ,

ಅಳಿಸುವುದಿಲ್ಲ.

ಮಿಕ್ಕ ಮೂವತ್ತು ಜನರಿಗೆ ಹೆಂಡತಿ ಮಕ್ಕಳಿಲ್ಲವಾ, ತೆಂಗಿನ ಮರ ಇಲ್ಲವಾ? ಅವರ ಒತ್ತುವರಿಗೆ ಕಲ್ಲು ನೆಡಿಸಿ, ತಂಗಿಯದನ್ನು ಮಾತ್ರ ಸೆರಗಿನಲ್ಲಿ ಮುಚ್ಚುತ್ತೀರಾ? ಪುಟ್ಟಮಾದಮ್ಮನ ಅರ್ಧ ಗದ್ದೆ ಹೋಗುತ್ತದೆ ನಿಮ್ಮ ಹಾಳೆಯ ಪ್ರಕಾರ. ಅವಳಿಗೂ ಅಣ್ಣ ಇದ್ದಾನೆ, ಪಾಪ, ಅವನು ಸರ್ವೆಯವನಲ್ಲ.

ಭಾನುವಾರ ಊರಿಗೆ ಹೋಗಿ ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದು 'ಇನ್ನೊಂದ್ಸಲ ಓದು' ಅಂದಳು. ಓದಿದೆ. 'ಕಲ್ ನೆಡೋ ದಿನ ನಾನೂ ಇರ್ತೀನಿ ಅಂತ ನಿಮ್ಮಾವಂಗೆ ಬರಿ' ಅಂದಳು. ಬರೆದಿದ್ದೇನೆ.

ಎರಡೂ ಹಾಳೆ ಪ್ರಿಂಟ್ ತೆಗೆದು ಇದರ ಜೊತೆ ಇಟ್ಟಿದ್ದೇನೆ. ಫೆಬ್ರವರಿ ಐದಕ್ಕೆ ಅಳತೆ ಅಂತ ಕೇಳಿದೆ. ಯಾವುದಕ್ಕೆ ಸಹಿ ಹಾಕುತ್ತೀರೋ ಹಾಕಿ. ಸುಳ್ಳಿಗೆ ಹಾಕಿದರೆ ನಿಜದ್ದನ್ನು ನಾನು ತಹಸೀಲ್ದಾರರ ಕೈಗೆ ಕೊಡುತ್ತೇನೆ, ಆಮೇಲೆ ನಿಮ್ಮ ಮನೆ ಹೊಸ್ತಿಲು ತುಳಿಯುವುದಿಲ್ಲ. ಇವತ್ತು ಹಬ್ಬ, ಎಳ್ಳು ಬೆಲ್ಲ ಕಳಿಸುತ್ತಿಲ್ಲ. ಒಳ್ಳೆಯ ಮಾತಾಡಲು ನನ್ನ ಕೈಲಿ ಆಗುತ್ತಿಲ್ಲ.

ಹೇಮಲತಾ

*

ನಂಜನಗೂಡು
6 ಫೆಬ್ರವರಿ 2003

ಹೇಮಾ,

ಆಗಸ್ಟಿನ ಹಾಳೆಗೆ ಸಹಿ ಹಾಕಿದೆ. ನಿನ್ನ ಬೆದರಿಕೆಗೆ ಹಾಕಿದೆ ಅಂತ ಬೇಕಾದರೆ ತಿಳಿದುಕೊ.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಅಳತೆ ಶುರುವಾಯಿತು. ಈಗಿನ ಸರ್ವೆಯರು ಪುಟ್ಟರಾಜು ಅಂತ, ಮರ್ಯಾದಸ್ಥ ಹುಡುಗ. 'ಎಲ್ಲಿಂದ ಇಡೀಲಿ ಸಾ?' ಅಂತ ನನ್ನನ್ನೇ ಕೇಳುತ್ತಿದ್ದ. ಸುತ್ತ ಅರ್ಧ ಊರು ನೆರೆದಿತ್ತು. ಪುಟ್ಟಮಾದಮ್ಮ ಬೈದಳು, ಇನ್ನಿಬ್ಬರು ಮಣ್ಣು ತೂರಿದರು, ಹೇಗೋ ಸಾಗಿತು. ಅರವತ್ತನಾಲ್ಕಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ. ರಸ್ತೆ ಕಡೆಯ ಆರನೇ ಕಲ್ಲಿನ ಹತ್ತಿರ ನಾನು ನಿಂತೆ. ಚೈನಿನ ಇನ್ನೊಂದು ತುದಿ ಹಿಡಿದು ಕೆರೆ ಕಡೆಗೆ ನಡೆಯಲು ಒಬ್ಬರು ಬೇಕಿತ್ತು. ಒಬ್ಬನೂ ಮುಂದೆ ಬರಲಿಲ್ಲ. ಮಂಚಮ್ಮನ ತೋಟ, ನಮಗ್ಯಾಕೆ ಅಂತ ಎಲ್ಲರೂ ಬೇರೆ ಕಡೆ ನೋಡಿದರು.

ಕೊನೆಗೆ ಮಂಚಮ್ಮನೇ, ನಿಮ್ಮಮ್ಮನೇ ಬಂದು ಚೈನಿನ ಹಿಡಿ ಎತ್ತಿಕೊಂಡಳು. ಸೀರೆ ಎತ್ತಿ ಕಟ್ಟಿಕೊಂಡು ನಡೆದಳು. ನನ್ನ ಮುಖ ನೋಡಲಿಲ್ಲ. ಒಂದು, ಎರಡು ಅಂತ ಪುಟ್ಟರಾಜು ಕೂಗುತ್ತಿದ್ದ. ಆರು ಮುಗಿದು ನಾಲ್ಕು ಆಣೆ ಆದಾಗ ನಾನು 'ಮಂಚಿ, ಅಲ್ಲೇ ನಿಂತ್ಕೊ' ಅಂದೆ. ನಾನು ಎಪ್ಪತ್ತೆಂಟರಲ್ಲಿ ನೆಡಿಸಿದ ಕಲ್ಲು ಅವಳ ಮುಂದೆ ಇನ್ನೂ ಒಂದು ಚೈನು ದೂರದಲ್ಲಿತ್ತು, ಮರಗಳೆಲ್ಲ ಅದರ ನಡುವೆ. ಅವಳು 'ಇದೇಯಾ?' ಅಂದಳು. 'ಇದೇ' ಅಂದೆ.

ಅವಳು ಕೆಳಗೆ ನೋಡಿದಳು, ಹಿಂದಿನ ಬೇಲಿ ನೋಡಿದಳು. ನಾನು ಕ್ಷಮಿಸು ಅನ್ನೋಣ ಅಂತ ಹತ್ತಿರ ಹೋದೆ. ನಿನಗೋಸ್ಕರ ಮಾಡಿದೆ ಅಂತಲೂ ಹೇಳುವವನಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು. ಅವಳ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

'ಮದ್ವೆ ಆದ್ ವರ್ಸನೇ ನಾನು ಎಜ್ಜೆ ಆಕಿ ಅಳ್ದಿದ್ದೆ ಕಣಣ್ಣ. ಸರ್ಯಾಗ್ ಇಲ್ಗೇ ಮುಗೀತಿತ್ತು. ಆಮೇಲೆ ನೀನು ಚೈನ್ ಇಡ್ಕಂಡ್ ಬಂದು ಅಲ್ಗಂಟ ಐತೆ ಅಂದೆ. ಓದಿರೋನು, ಸರ್ಕಾರ್ದೋನು. ಇಪ್ಪತ್ತೈದ್ ವರ್ಸ ನನ್ ಎಜ್ಜೆನೇ ತಪ್ಪು ಅನ್ಕಂಡಿದ್ದೆ.'

ಪುಟ್ಟರಾಜು ಅವಳ ಕಾಲ ಬಳಿ ಗುಂಡಿ ತೋಡಿಸಿ ಕಲ್ಲು ನೆಡಿಸಿದ. ಅದು ಗಟ್ಟಿಯಾಗಿ ಕೂರುವವರೆಗೂ ಅವಳು ಚೈನು ಬಿಡದೆ ಅಲ್ಲೇ ನಿಂತಿದ್ದಳು.

ಜವರಯ್ಯ